ಪ್ರೆಸ್ ನೋಟು ಎಂಬ ಬರವಣಿಗೆ

ಕವಿತೆಗೆ ವಿಮರ್ಶೆ ಇದೆ, ಕಾದಂಬರಿಗೆ ಇದೆ, ನಾಟಕಕ್ಕೂ ಇದೆ. ಊರ ಹಬ್ಬಕ್ಕೆ ಆಡಿದ ಪೌರಾಣಿಕ ನಾಟಕದಲ್ಲಿ ದುರ್ಯೋಧನ ಒಂದು ಮಾತು ಮರೆತರೆ ಮಾರನೆ ದಿನ ಅರಳಿಕಟ್ಟೆ ಮೇಲೆ ಅದರ ವಿಮರ್ಶೆ ನಡೆಯುತ್ತದೆ. ಆದರೆ ನಮ್ಮ ವಾಚನಾಲಯದ ಮೇಜಿನ ಮೇಲೆ ದಿನಾ ಬೆಳಿಗ್ಗೆ ಬಂದು ಬೀಳುವ, ಎಲ್ಲಕ್ಕಿಂತ ಹೆಚ್ಚು ಜನ ಓದುವ ಒಂದು ಬರವಣಿಗೆಗೆ ಮಾತ್ರ ಯಾರೂ ವಿಮರ್ಶೆ ಬರೆದದ್ದನ್ನು ನಾನು ಕಂಡಿಲ್ಲ. ಅದು ಪ್ರೆಸ್ ನೋಟು. ಕಂಪನಿಯವರು, ಅಂಗಡಿಯವರು, ಆಸ್ಪತ್ರೆಯವರು, ಖಾಸಗಿ ಶಾಲೆಯವರು ತಮ್ಮ ಬಗ್ಗೆ ತಾವೇ ಬರೆದು ಪತ್ರಿಕೆಗೆ ಕಳಿಸುವ ಕಾಗದ. ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅದರ ಹೆಸರು ಬದಲಾಗುತ್ತದೆ. ಆಗ ಅದನ್ನು ಸುದ್ದಿ ಅಂತಾರೆ.

ಈ ಕಾಗದ ಬರೆಯುವುದೇ ನನ್ನ ಕಸುಬು. ಹಿಂದೂಪುರ, ಕಲ್ಯಾಣದುರ್ಗ ಈ ಎರಡು ಪೇಟೆಗಳ ವ್ಯಾಪಾರಸ್ಥರಿಗೆ ತೆಲುಗಿನಲ್ಲಿ, ಕನ್ನಡದಲ್ಲಿ ಬರೆದುಕೊಡುತ್ತೇನೆ. ಪತ್ರಿಕೆಯವರಿಗೆ ತಲುಪಿಸುತ್ತೇನೆ, ಬಂದರೆ ಕತ್ತರಿಸಿ ಮಾಲೀಕರಿಗೆ ಕೊಡುತ್ತೇನೆ. ಪಟ್ಟಣದಲ್ಲಿ ಇದಕ್ಕೆ ಸಾರ್ವಜನಿಕ ಸಂಪರ್ಕ ಎಂಬ ದೊಡ್ಡ ಹೆಸರಿದೆ. ನಮ್ಮ ಕಡೆ 'ಪೇಪರ್‌ನಾಗೆ ಹಾಕ್ಸೋನು' ಅಂತಾರೆ. ಎರಡೂ ಒಂದೇ. ಅಡುಗೆ ಭಟ್ಟನಿಗೆ ಸಾರಿಗೆ ಎಷ್ಟು ಉಪ್ಪು ಬಿದ್ದಿದೆ ಎಂದು ಗೊತ್ತಿರುತ್ತಲ್ಲ, ಹಾಗೆ ಈ ಕಾಗದದಲ್ಲಿ ಏನಿದೆ, ಏನಿಲ್ಲ ಎಂಬುದು ನನ್ನಂಥವನಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆಯಿಂದಲೇ ಈ ವಿಮರ್ಶೆ. ಕಸುಬನ್ನು ಬೈಯುವುದು ಇದರ ಉದ್ದೇಶ ಅಲ್ಲ. ಒಂದು ಬಗೆಯ ಬರವಣಿಗೆ ಒಳ್ಳೆಯದು ಯಾವಾಗ, ಕೆಟ್ಟದ್ದು ಯಾವಾಗ ಎಂದು ಅಳೆಯುವುದು ಇದರ ಉದ್ದೇಶ.

ಕಾಗದ ನಡೆಯುವ ದಾರಿ

ಮೊದಲು ಈ ಕಾಗದ ಸುದ್ದಿಯಾಗುವುದು ಹೇಗೆ ನೋಡೋಣ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹುಟ್ಟಿ, ಮರುವರ್ಷವೇ ನಮ್ಮ ಪಕ್ಕದ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಯಿತು. ಆಗ ಈ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಹಾಗಾಗಿ ಪತ್ರಿಕೆ ನಮಗೆ ಹೊಸದೇನಲ್ಲ. ಆದರೆ ಅಷ್ಟು ಹಿಂದಿನ ಪತ್ರಿಕೆಗಳಲ್ಲಿ ನಮ್ಮ ಊರುಗಳ ಕಿರಾಣಿ ಅಂಗಡಿಗೆ ಜಾಗ ಇರಲಿಲ್ಲ. ಜಾಗ ಸಿಕ್ಕಿದ್ದು ಮೊನ್ನೆ ಮೊನ್ನೆ. 1974ರಲ್ಲಿ ವಿಶಾಖಪಟ್ಟಣದಲ್ಲಿ ಶುರುವಾದ 'ಈನಾಡು' 1989ರಲ್ಲಿ ಜಿಲ್ಲೆಗೊಂದು ಪುಟ್ಟ ಪತ್ರಿಕೆಯನ್ನು ದೊಡ್ಡ ಪತ್ರಿಕೆಯ ಒಳಗೆ ಇಟ್ಟು ಕೊಡಲು ತೊಡಗಿತು. ಇತರರೂ ಅದೇ ದಾರಿ ಹಿಡಿದರು. ಅಲ್ಲಿಂದ ಮುಂದೆ ಮಂಡಲದ ಸುದ್ದಿ, ಊರಿನ ಸುದ್ದಿ, ಕೇರಿಯ ಸುದ್ದಿ ಕೂಡ ಅಚ್ಚಾಗತೊಡಗಿತು. ಬೋರ್‌ವೆಲ್ ಕೆಟ್ಟರೆ ಸುದ್ದಿ, ಬಸ್ಸು ಬರದಿದ್ದರೆ ಸುದ್ದಿ. ಇದರಿಂದ ಜನಕ್ಕೆ ಆದ ಉಪಕಾರ ಸಣ್ಣದಲ್ಲ.

ಆದರೆ ಇಷ್ಟೊಂದು ಪುಟಗಳನ್ನು ದಿನಾ ತುಂಬಬೇಕಲ್ಲ. ತುಂಬುವವರು ಯಾರು? ಪೂರಾ ಸಂಬಳದ ವರದಿಗಾರರು ಕೈಬೆರಳೆಣಿಕೆಯಷ್ಟು. ಉಳಿದವರು ಊರಿನ ಅರೆಕಾಲಿಕ ಸುದ್ದಿಗಾರರು. ಒಬ್ಬ ಮೇಷ್ಟ್ರು, ಒಬ್ಬ ಎಲ್‌ಐಸಿ ಏಜೆಂಟ್, ಒಬ್ಬ ಜೆರಾಕ್ಸ್ ಅಂಗಡಿಯವನು ಹೀಗೆ. ಅವರಿಗೆ ಸಿಗುವ ಕಾಸು ಅಚ್ಚಾದ ಸುದ್ದಿಯ ಉದ್ದಕ್ಕೆ ತಕ್ಕಷ್ಟು, ಪೆಟ್ರೋಲಿಗೂ ಸಾಲದಷ್ಟು. ಅದರ ಜೊತೆಗೆ ಹಬ್ಬಕ್ಕೆ, ಪತ್ರಿಕೆಯ ವಾರ್ಷಿಕೋತ್ಸವಕ್ಕೆ ಜಾಹೀರಾತು ತಂದುಕೊಡುವ ಹೊರೆಯೂ ಎಷ್ಟೋ ಕಡೆ ಅವರದೇ. ಬೆಳಿಗ್ಗೆ ಯಾರ ಬಗ್ಗೆ ಸುದ್ದಿ ಬರೆಯಬೇಕೋ ಸಂಜೆ ಅವರ ಹತ್ತಿರವೇ ಜಾಹೀರಾತು ಕೇಳಬೇಕು. ಇಂಥವರ ಕೈಗೆ ನಾನು ಬರೆದ ಕಾಗದ ಸಿಕ್ಕರೆ ಏನಾಗುತ್ತದೆ? ಅಕ್ಷರ ಸರಿಯಾಗಿದೆ, ಫೋಟೋ ಜೊತೆಗಿದೆ, ಹೋಗಿ ಬರುವ ಖರ್ಚಿಲ್ಲ. ಹಾಗೇ ಮುಂದೆ ಹೋಗುತ್ತದೆ. ಇದರಲ್ಲಿ ಆ ಹುಡುಗನ ತಪ್ಪು ಹುಡುಕುವವರು ಅವನ ಜೇಬನ್ನೂ ಒಂದು ಸಲ ನೋಡಬೇಕು.

ನಮ್ಮ ಗಡಿ ಊರುಗಳಲ್ಲಿ ಇನ್ನೊಂದು ತೊಡಕು ಇದೆ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಕಡೆ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಕಲ್ಯಾಣದುರ್ಗದ ಆಚೆ ಕುಂದುರ್ಪಿ, ಶೆಟ್ಟೂರಿನ ಎಷ್ಟೋ ಹಳ್ಳಿಗಳಲ್ಲೂ ಹಾಗೇ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಈಗ ತೆಲುಗು ಪತ್ರಿಕೆಗೆ ನಾವು ಜಿಲ್ಲೆಯ ಅಂಚು, ಕನ್ನಡ ಪತ್ರಿಕೆಗೆ ರಾಜ್ಯದ ಆಚೆ. ಯಾರೂ ವರದಿಗಾರರನ್ನು ಕಳಿಸದ ಜಾಗಕ್ಕೆ ಸುದ್ದಿ ಬರುವುದು ಕಾಗದದ ಮೂಲಕವೇ. ಬರಗಾಲದ ಊರಿನಲ್ಲಿ ಟ್ಯಾಂಕರ್ ನೀರೇ ಗಂಗೆ.

ಆ ಕಾಗದವೂ ತೆಲುಗಿನಲ್ಲಿ ಹುಟ್ಟಿ ಕನ್ನಡಕ್ಕೆ ಬರುವಾಗ ಏನಾಗುತ್ತದೆ ಅನ್ನೋದಕ್ಕೆ ಒಂದು ಪದ ಸಾಕು. ತೆಲುಗಿನಲ್ಲಿ 'ಉಪಾಧಿ' ಅಂದರೆ ಉದ್ಯೋಗ. ಕನ್ನಡದಲ್ಲಿ ಉಪಾಧಿ ಅಂದರೆ ತೊಂದರೆ, ಕಟ್ಟು, ಷರತ್ತು. ಅವಸರದಲ್ಲಿ ಲಿಪಿ ಮಾತ್ರ ಬದಲಾಯಿಸಿದರೆ 'ಕಾರ್ಖಾನೆಯಿಂದ ಸಾವಿರ ಮಂದಿಗೆ ಉಪಾಧಿ' ಎಂದಾಗುತ್ತದೆ. ಕೆಲವು ಸಲ ಕನ್ನಡದ ಅರ್ಥವೇ ನಿಜ ಅಂತ ನಮ್ಮ ಹಿರಿಯರೊಬ್ಬರು ನಗಾಡಿದ್ದುಂಟು.

ಅದರ ವ್ಯಾಕರಣ

ಇನ್ನು ಬರವಣಿಗೆಯ ಒಳಕ್ಕೆ ಹೋಗೋಣ. ಯಾರದೋ ಕಾಗದ ತೆಗೆದು ಬೈಯುವುದು ಬೇಡ. ಮಾದರಿಗೆ ನಾನೇ ಒಂದು ಕಟ್ಟುತ್ತೇನೆ, ಓದಿ ನೋಡಿ:

'ಪಟ್ಟಣದ ಮುಖ್ಯರಸ್ತೆಯಲ್ಲಿ ನೂತನ ವಸ್ತ್ರ ಮಳಿಗೆಯನ್ನು ವಿಜೃಂಭಣೆಯಿಂದ ಉದ್ಘಾಟಿಸಲಾಯಿತು. ಅತ್ಯಂತ ಕಡಿಮೆ ದರದಲ್ಲಿ ಅತ್ಯುತ್ತಮ ಗುಣಮಟ್ಟದ ಬಟ್ಟೆಗಳು ಇಲ್ಲಿ ಲಭ್ಯವಾಗಲಿವೆ. ನೂರಾರು ಸ್ಥಳೀಯ ಯುವಕರಿಗೆ ಉದ್ಯೋಗ ದೊರೆಯಲಿದೆ. ಗ್ರಾಹಕರ ಸೇವೆಯೇ ನಮ್ಮ ಪರಮ ಧ್ಯೇಯ ಎಂದು ಮಾಲೀಕರು ತಿಳಿಸಿದರು. ಕಾರ್ಯಕ್ರಮದಲ್ಲಿ ಗಣ್ಯರು, ಬಂಧುಮಿತ್ರರು ಪಾಲ್ಗೊಂಡಿದ್ದರು.'

ಐದೇ ವಾಕ್ಯ. ಇದರಲ್ಲಿ ಸುಳ್ಳು ಯಾವುದು ಅಂತ ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ. ನಿಜ ಯಾವುದು ಅಂತ ಕೇಳಿದರೂ ಅಷ್ಟೇ ಕಷ್ಟ. ಈ ಬರವಣಿಗೆಯ ಹೆಚ್ಚುಗಾರಿಕೆ ಇರೋದೇ ಅಲ್ಲಿ.

ಮೊದಲನೆಯದು ಕಾಲ. 'ಲಭ್ಯವಾಗಲಿವೆ', 'ದೊರೆಯಲಿದೆ'. ಮುಖ್ಯವಾದ ಮಾತೆಲ್ಲ ಭವಿಷ್ಯತ್ ಕಾಲದಲ್ಲಿ. ಆಗಿಹೋದದ್ದನ್ನು ಪರೀಕ್ಷೆ ಮಾಡಬಹುದು, ಆಗಲಿರುವುದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಸುದ್ದಿಪತ್ರಿಕೆಯ ಕೆಲಸ ನಿನ್ನೆ ನಡೆದದ್ದನ್ನು ಹೇಳುವುದು. ಪ್ರೆಸ್ ನೋಟು ನಾಳೆಯನ್ನು ನಿನ್ನೆಯ ಪಕ್ಕದಲ್ಲಿ ಕೂರಿಸಿ, ಎರಡಕ್ಕೂ ಒಂದೇ ಗಾತ್ರದ ಅಕ್ಷರ ಹಾಕಿಸುತ್ತದೆ.

ಎರಡನೆಯದು ಹೋಲಿಕೆ. 'ಅತ್ಯಂತ ಕಡಿಮೆ', 'ಅತ್ಯುತ್ತಮ'. ಯಾವುದಕ್ಕಿಂತ? ನಮ್ಮ ಅಜ್ಜಿ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಕೂಡ 'ಆ ಕಡೆಯವನು ಇಷ್ಟಕ್ಕೆ ಕೊಡ್ತಾನೆ' ಅಂತ ಅಳತೆ ಇಟ್ಟುಕೊಂಡೇ ಮಾತಾಡುತ್ತಿದ್ದಳು. ಅಳತೆ ಇಲ್ಲದ ಹೋಲಿಕೆ ಬರೀ ಗಾಳಿ.

ಮೂರನೆಯದು ಸಂಖ್ಯೆ. 'ನೂರಾರು' ಅಂದರೆ ನೂರೋ, ಒಂಬೈನೂರೋ? ಬಟ್ಟೆ ಅಂಗಡಿಯಲ್ಲಿ ಎಷ್ಟು ಕೌಂಟರ್ ಇವೆ ಅಂತ ಕಣ್ಣಲ್ಲೇ ಎಣಿಸಬಹುದು. ಆದರೂ ನೂರಾರು ಅನ್ನೋದು ಹಾಗೇ ಅಚ್ಚಾಗುತ್ತದೆ.

ನಾಲ್ಕನೆಯದು ಮಾತು. 'ಮಾಲೀಕರು ತಿಳಿಸಿದರು.' ಅವರು ತಿಳಿಸಿದ್ದು ಯಾವಾಗ? ಈ ಮಾತು ಸಮಾರಂಭಕ್ಕೆ ಮುಂಚೆಯೇ, ಹಿಂದಿನ ರಾತ್ರಿಯೇ ಕಾಗದದ ಮೇಲೆ ಸಿದ್ಧವಾಗಿರುತ್ತದೆ. ಮಾಲೀಕರು ಅದನ್ನು ಓದಿ ಒಪ್ಪಿರುತ್ತಾರೆ, ಹೇಳಿರುವುದಿಲ್ಲ. ಎಷ್ಟೋ ಮಾಲೀಕರು ಚೆನ್ನಾಗಿ ಮಾತಾಡುವವರು. 'ನಾನು ತಲೆ ಮೇಲೆ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿ ಬಟ್ಟೆ ಮಾರ್ದೋನು ಸ್ವಾಮಿ, ಸಾಲಕ್ಕೆ ಕೊಟ್ಟು ಸಾಲ ಬರದೆ ಎರಡು ಸಲ ಮುಳುಗಿದೆ' ಅಂತ ಹೇಳಬಲ್ಲವರು. ಆ ಮಾತು ಓದುಗನ ಎದೆಗೆ ಹೋಗುವ ಮಾತು. ಕಾಗದಕ್ಕೆ ಮಾತ್ರ 'ಪರಮ ಧ್ಯೇಯ' ಬರುತ್ತದೆ. ನನ್ನ ದೊಡ್ಡ ತಕರಾರು ಇದೇ. ಈ ಬರವಣಿಗೆ ಓದುಗನಿಗಿಂತ ಮೊದಲು ಮೋಸ ಮಾಡುವುದು ಮಾಲೀಕನಿಗೇ. ಅವನ ನಾಲಗೆಯನ್ನೇ ಕಿತ್ತುಕೊಳ್ಳುತ್ತದೆ.

ಐದನೆಯದು ಹೆಸರುಗಳು. ಕೊನೆಯ ಸಾಲಿನ ಗಣ್ಯರ ಪಟ್ಟಿ ಕತೆಗೆ ಬೇಕಾದದ್ದಲ್ಲ, ಮಾರಾಟಕ್ಕೆ ಬೇಕಾದದ್ದು. ಹೆಸರು ಬಂದವರೆಲ್ಲ ಆ ದಿನ ಪತ್ರಿಕೆ ಕೊಳ್ಳುತ್ತಾರೆ. ಪತ್ರಿಕೆಗೂ ಲಾಭ, ಮಾಲೀಕರಿಗೂ ಲಾಭ. ಅಂಗಡಿಯಲ್ಲಿ ಬಟ್ಟೆ ಮಡಚಿ ಮಡಚಿ ಇಡುವ ಹುಡುಗಿಯ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ದೊಡ್ಡ ಕಾಗದಗಳು

ಬಟ್ಟೆ ಅಂಗಡಿಯಿಂದ ಯಾರಿಗೂ ದೊಡ್ಡ ನಷ್ಟ ಇಲ್ಲ ಅಂತ ನೀವು ಅನ್ನಬಹುದು, ಒಪ್ಪುತ್ತೇನೆ. ಆದರೆ ಇದೇ ವ್ಯಾಕರಣದಲ್ಲಿ ದೊಡ್ಡ ಕಾಗದಗಳೂ ಬರುತ್ತವೆ. ಆಗ ಪಣಕ್ಕೆ ಬೀಳುವುದು ಹೊಲ, ನೀರು, ಮಕ್ಕಳ ಓದು.

ಲೇಪಾಕ್ಷಿ ನಾಲೆಡ್ಜ್ ಹಬ್ ನೆನಪಿದೆಯೆ? ಹಿಂದೂಪುರದ ಪಕ್ಕದ ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ 8,800 ಎಕರೆಗೂ ಹೆಚ್ಚು ಭೂಮಿಯನ್ನು ಸರ್ಕಾರ ಈ ಯೋಜನೆಗೆಂದು ಹಂಚಿತು. ಜ್ಞಾನ, ಉದ್ಯೋಗ, ಹೈಟೆಕ್ ನಗರ ಎಲ್ಲವೂ 'ಬರಲಿವೆ'. ಹೆಸರಿನಲ್ಲೇ ಜ್ಞಾನ ಇತ್ತು, ಅದರ ಹಿಂದೆ ವೀರಭದ್ರನ ಗುಡಿಯ ಕೀರ್ತಿಯೂ ಸೇರಿಕೊಂಡಿತ್ತು. ಕೊನೆಗೆ ಆ ನಗರ ಏಳಲಿಲ್ಲ, ಭೂಮಿ ಹಂಚಿಕೆಯ ವಿಷಯ ಸಿಬಿಐ ತನಿಖೆಗೆ ಹೋಯಿತು. ತನಿಖೆ, ಕೋರ್ಟು ಅದರ ದಾರಿಯಲ್ಲಿ ನಡೆಯಲಿ. ವಿಮರ್ಶಕನಾಗಿ ನನ್ನ ಪ್ರಶ್ನೆ ಬೇರೆ: ಆ ದಿನಗಳಲ್ಲಿ ಬಂದ ಸುದ್ದಿಗಳಲ್ಲಿ ಕ್ರಿಯಾಪದಗಳು ಯಾವ ಕಾಲದಲ್ಲಿದ್ದವು? ಭೂಮಿ ಹೋದದ್ದು ಭೂತಕಾಲ, ಕೆಲಸ ಬರುವುದು ಭವಿಷ್ಯತ್ ಕಾಲ. ಇದನ್ನೊಂದು ಪೆನ್ಸಿಲ್ ಹಿಡಿದು ಗುರುತು ಹಾಕಿಕೊಂಡಿದ್ದರೆ ಸಾಕಾಗಿತ್ತು.

ಎಲ್ಲಾ ದೊಡ್ಡ ಕಾಗದವೂ ಪೊಳ್ಳು ಅನ್ನುವುದೂ ತಪ್ಪು. ಪೆನುಕೊಂಡದ ಎರ್ರಮಂಚಿಯಲ್ಲಿ ಕಿಯಾ ಕಾರು ಕಾರ್ಖಾನೆ ನೋಡಿ. 2017ರ ಏಪ್ರಿಲ್‌ನಲ್ಲಿ ಒಪ್ಪಂದ, 2019ರಲ್ಲಿ ಕಾರು ಹೊರಕ್ಕೆ ಬಂತು, ಆ ವರ್ಷದ ಡಿಸೆಂಬರ್‌ನಲ್ಲಿ ಉದ್ಘಾಟನೆ. ವರ್ಷಕ್ಕೆ 3 ಲಕ್ಷ ಕಾರು ಮಾಡುವ ಸಾಮರ್ಥ್ಯ, ನೂರಾ ಹತ್ತು ಕೋಟಿ ಡಾಲರ್ ಬಂಡವಾಳ ಅಂತ ಹೇಳಿದ್ದರು. ಕಾರ್ಖಾನೆ ಕಣ್ಣೆದುರಿಗೆ ಇದೆ, ರೈಲಿನಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಇಲ್ಲಿ ವಿಮರ್ಶೆ ಮಾಡಬೇಕಾದದ್ದು ಕೆಲವು ಪದಗಳನ್ನು. ಉದಾಹರಣೆಗೆ 'ಸ್ಥಳೀಯರಿಗೆ ಉದ್ಯೋಗ'. ಸ್ಥಳೀಯ ಅಂದರೆ ಯಾರು? ಕಾರ್ಖಾನೆಗಳಲ್ಲಿ ಶೇಕಡಾ 75 ಕೆಲಸ ಸ್ಥಳೀಯರಿಗೆ ಅಂತ ಆಂಧ್ರ ಸರ್ಕಾರ 2019ರಲ್ಲಿ ಕಾನೂನು ಮಾಡಿತು. ಅದರ ಲೆಕ್ಕ ರಾಜ್ಯದ ನಿವಾಸಿಗಳ ಲೆಕ್ಕ. ಆ ಲೆಕ್ಕದಲ್ಲಿ ದೂರದ ಶ್ರೀಕಾಕುಳದ ಹುಡುಗ ಸ್ಥಳೀಯ, ಬಸ್ಸಿನಲ್ಲಿ ಬಂದು ಹೋಗುವ ಪಾವಗಡದ ಹುಡುಗ ಹೊರಗಿನವನು. ಹಾಗಿರಬೇಕೋ ಬೇಡವೋ ಅದು ಬೇರೆ ಚರ್ಚೆ. ಆದರೆ ಪತ್ರಿಕೆಯಲ್ಲಿ 'ಸ್ಥಳೀಯ' ಅಂತ ಓದಿದ ಎರ್ರಮಂಚಿ ರೈತ ಅದನ್ನು ತನ್ನ ಮಗ ಅಂತಲೇ ಅರ್ಥ ಮಾಡಿಕೊಳ್ಳುತ್ತಾನೆ. ಒಂದೇ ಪದ, ಬರೆದವನಿಗೆ ಒಂದು ಅರ್ಥ, ಓದಿದವನಿಗೆ ಇನ್ನೊಂದು. ಗೊಲ್ಲಪಲ್ಲಿ ಜಲಾಶಯದ ನೀರು ಕಾರ್ಖಾನೆಗೆ ಹೋಗುವ ವಿಷಯವೂ ಹಾಗೇ. ಕಾರಿನ ಬಣ್ಣಕ್ಕೆ ಸಿಕ್ಕ ಅಕ್ಷರದ ಗಾತ್ರ ನೀರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಇದೇ ಕಾರ್ಖಾನೆಯ ಬಗ್ಗೆ 2020ರ ಫೆಬ್ರವರಿಯಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಒಂದು ವರದಿ ಮಾಡಿತು. ಕಾರ್ಖಾನೆಯನ್ನು ತಮಿಳುನಾಡಿಗೆ ಸಾಗಿಸುವ ಮಾತುಕತೆ ನಡೆದಿದೆ ಅಂತ. ಸರ್ಕಾರ ಅಲ್ಲಗಳೆಯಿತು, ಕಂಪನಿಯೂ ಅಂಥದ್ದೇನೂ ಇಲ್ಲ ಅಂದಿತು. ಕಾರ್ಖಾನೆ ಹೋಗಲಿಲ್ಲ, ಇಲ್ಲೇ ಇದೆ. ಆ ನಾಲ್ಕು ದಿನ ಪೆನುಕೊಂಡದಿಂದ ಹಿಂದೂಪುರದವರೆಗೆ ಚಹದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಇದರಿಂದ ಕಲಿಯಬೇಕಾದದ್ದು ಇಷ್ಟು: ಹೆಸರು ಹೇಳದ ಮೂಲಗಳಿಂದ ಬಂದ ವರದಿಯೂ, ಕಂಪನಿ ಕೊಟ್ಟ ಹೇಳಿಕೆಯೂ ಎರಡೂ ಒಬ್ಬೊಬ್ಬರ ಮಾತು. ಎರಡಕ್ಕೂ ಒಂದೇ ತಕ್ಕಡಿ ಬೇಕು. ಹೊಗಳಿದ ಸುದ್ದಿಯನ್ನು ಅನುಮಾನಿಸಿ, ಬೈದ ಸುದ್ದಿಯನ್ನು ಕಣ್ಣುಮುಚ್ಚಿ ನಂಬುವವನು ವಿಮರ್ಶಕನಲ್ಲ.

ಇನ್ನೊಂದು ಪದ 'ಹಸಿರು'. ರೊದ್ದಂ, ಚೆನ್ನೇಕೊತ್ತಪಲ್ಲಿ ಕಡೆಯ ಕಲ್ಪವಲ್ಲಿ ಗುಡ್ಡಗಳಲ್ಲಿ ಹಳ್ಳಿಯವರು ಟಿಂಬಕ್ಟು ಕಲೆಕ್ಟಿವ್ ಜೊತೆ ಸೇರಿ ವರ್ಷಗಟ್ಟಲೆ ಕಾದು ಸಾವಿರಾರು ಎಕರೆ ಬೋಳು ಗುಡ್ಡವನ್ನು ಮತ್ತೆ ಕಾಡು ಮಾಡಿದರು. ಆಮೇಲೆ ಅಲ್ಲಿ ಗಾಳಿಯಂತ್ರಗಳು ಬಂದವು. ಅವುಗಳನ್ನು ಸಾಗಿಸಲು ಗುಡ್ಡ ಕಡಿದು ರಸ್ತೆ ಮಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಗಾಳಿಯ ಕರೆಂಟಿಗೆ ಹಸಿರು ಶಕ್ತಿ ಅಂತ ಹೆಸರು, ಅದು ಸುಳ್ಳಲ್ಲ. ಕಡಿದ ಗುಡ್ಡವೂ ಹಸಿರೇ ಆಗಿತ್ತು, ಅದೂ ಸುಳ್ಳಲ್ಲ. ಮೊದಲನೆಯ ಹಸಿರಿಗೆ ಕಾಗದ ಬರೆಯುವವರು ಇದ್ದರು. ಎರಡನೆಯ ಹಸಿರಿನ ಪಾಲಿಗೆ ಕುರಿಗಾಹಿಗಳಿದ್ದರು, ಅವರು ಕಾಗದ ಬರೆಯುವವರಲ್ಲ.

ಈ ಕಸುಬಿನ ಹಿರಿಯರು

ಈ ಕಸುಬಿಗೆ ಒಬ್ಬ ಮೂಲಪುರುಷ ಇದ್ದಾನೆ. ಅಮೆರಿಕದ ಐವಿ ಲೀ. 1906ರಲ್ಲಿ ಕಲ್ಲಿದ್ದಲು ಮಾಲೀಕರ ಪರವಾಗಿ ಪತ್ರಿಕೆಗಳಿಗೆ ಬರೆಯಲು ನಿಂತಾಗ ಆತ ಒಂದು ಘೋಷಣೆ ಹೊರಡಿಸಿದ. ಅದರ ಸಾರಾಂಶ: ನಮ್ಮ ಕೆಲಸ ಗುಟ್ಟಿನದಲ್ಲ, ನಾವು ಯಾರ ಪರ ಎಂದು ಹೇಳಿಯೇ ಬರೆಯುತ್ತೇವೆ, ಕೊಡುವ ಮಾಹಿತಿ ನಿಖರವಾಗಿರುತ್ತದೆ, ಬೇಕಾದರೆ ಪರೀಕ್ಷೆ ಮಾಡಿಕೊಳ್ಳಿ. ಇವತ್ತಿಗೂ ಈ ಕಸುಬಿಗೆ ಇದಕ್ಕಿಂತ ಒಳ್ಳೆಯ ಕಟ್ಟಳೆ ಇಲ್ಲ. ಆದರೆ ಎಂಟೇ ವರ್ಷಕ್ಕೆ ಅವನ ಪರೀಕ್ಷೆ ಬಂತು. 1914ರ ಏಪ್ರಿಲ್‌ನಲ್ಲಿ ಕೊಲರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು ಹೆಂಗಸರು ಮಕ್ಕಳು ಸತ್ತರು. ಲೀ ರಾಕ್‌ಫೆಲ್ಲರ್ ಪರವಾಗಿ ಹೊರಡಿಸಿದ ಕರಪತ್ರಗಳಲ್ಲಿ ಕಾರ್ಮಿಕ ಸಂಘಟಕರ ಸಂಬಳದ ಅಂಕಿಯೇ ತಪ್ಪಾಗಿ, ಹಲವು ಪಟ್ಟು ಹೆಚ್ಚಾಗಿ ಅಚ್ಚಾಗಿತ್ತು. ಮಾಲೀಕರ ಕಡೆಯವರು ಕೊಟ್ಟದ್ದನ್ನು ತಾನು ಪರೀಕ್ಷೆ ಮಾಡಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಅವನ ಬಾಯಿಂದಲೇ ಬಂತು. ಕಟ್ಟಳೆ ಬರೆದವನೇ ಕಟ್ಟಳೆ ಮುರಿದ. ಲಡ್ಲೋದಲ್ಲಿ ಆದದ್ದು ಇವತ್ತು ನಮ್ಮ ಜಿಲ್ಲಾ ಪುಟದಲ್ಲೂ ಆಗುತ್ತದೆ. ಮಾಲೀಕರು ಕೊಟ್ಟದ್ದನ್ನು ಬರೆಯುವವನು ಪರೀಕ್ಷೆ ಮಾಡುವುದಿಲ್ಲ. ಅವನು ಬರೆದದ್ದನ್ನು ಪತ್ರಿಕೆ ಪರೀಕ್ಷೆ ಮಾಡುವುದಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ನಾವು ಪರೀಕ್ಷೆ ಮಾಡುವುದಿಲ್ಲ.

ನಮ್ಮ ಕನ್ನಡನಾಡಿನಲ್ಲಿ ಪ್ರಚಾರದ ಇನ್ನೊಂದು ದಾರಿಯೂ ಇತ್ತು. ಮೈಸೂರು ಸ್ಯಾಂಡಲ್ ಸೋಪು. 1916ರಲ್ಲಿ ಸರ್ಕಾರ ಸಾಬೂನು ಕಾರ್ಖಾನೆ ಶುರುಮಾಡಿತು. ಅದನ್ನು ಬೆಳೆಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳ ಕಾಲದಲ್ಲಿ ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಸೋಪಿನ ಚಿತ್ರ ಬಂತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೂ ಮಾಡಿಸಿದರಂತೆ. ಒಂಟೆ ಮೇಲೆ ಬಂದ ಸೋಪನ್ನು ನೋಡಿ ಯಾರಾದರೂ ಅದನ್ನು ಸುದ್ದಿ ಅಂದುಕೊಂಡಾರೆಯೆ? ಅದು ಜಾಹೀರಾತು ಅಂತ ಮಗುವಿಗೂ ಗೊತ್ತು. ಜಾಹೀರಾತು ತಾನು ಜಾಹೀರಾತು ಎಂದು ಒಪ್ಪಿಕೊಂಡು ಎದುರಿಗೆ ಬರುತ್ತದೆ. ಸುದ್ದಿಯ ಅಂಗಿ ತೊಟ್ಟು ಬರುವ ಹೊಗಳಿಕೆ ಹಾಗಲ್ಲ.

ಅಂಗಿಯನ್ನು ಬಾಡಿಗೆಗೆ ಕೊಡುವ ವ್ಯಾಪಾರವೂ ನಮ್ಮ ದೇಶದಲ್ಲಿ ನಡೆದುಬಂದಿದೆ. ಬೆನೆಟ್ ಕೋಲ್ಮನ್ ಸಂಸ್ಥೆ 2003ರಲ್ಲಿ 'ಮೀಡಿಯಾನೆಟ್' ಎಂಬ ಏರ್ಪಾಡು ಮಾಡಿ, ತನ್ನ ಪುರವಣಿಗಳಲ್ಲಿ ಬರುವ ಇಂಥ ಬರಹಕ್ಕೆ ದರ ಇಟ್ಟಿತು. 2009ರ ಚುನಾವಣೆಯಲ್ಲಿ ರಾಜಕಾರಣಿಗಳೂ ಅದೇ ಅಂಗಿ ಕೊಂಡರು. ಮಹಾರಾಷ್ಟ್ರದ ಉದಾಹರಣೆಗಳನ್ನು ಪಿ. ಸಾಯಿನಾಥ್ ಬಯಲಿಗೆ ತಂದರು, ಆಂಧ್ರದಲ್ಲಿ ಪತ್ರಕರ್ತರ ಸಂಘವೇ ದನಿ ಎತ್ತಿತು. ಭಾರತೀಯ ಪತ್ರಿಕಾ ಮಂಡಳಿ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಇಬ್ಬರ ಉಪಸಮಿತಿ ಮಾಡಿತು. ಅವರು ಪತ್ರಿಕೆಗಳ ಹೆಸರು ಹಿಡಿದು ಬರೆದ ವರದಿಯನ್ನು ಮಂಡಳಿ 2010ರಲ್ಲಿ ಮೊಟಕು ಮಾಡಿ ಹೊರಡಿಸಿತು. ಕಾಸಿಗೆ ಸುದ್ದಿ ಎಂಬುದರ ಬಗ್ಗೆ ಬರೆದ ವರದಿಯೇ ಪೂರಾ ಸುದ್ದಿಯಾಗದೆ ಹೋಯಿತು. ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣಬೇಕು ಎಂಬ ನಿಯಮ ಮಂಡಳಿಯ ಪುಸ್ತಕದಲ್ಲಿ ಇವತ್ತಿಗೂ ಇದೆ. ಪುಟದಲ್ಲಿ ಅದನ್ನು ಹುಡುಕಲು ಭೂತಗನ್ನಡಿ ಬೇಕಾಗುತ್ತದೆ. ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಪ್ರಾಯೋಜಿತ' ಅಂತ ಇರುತ್ತದೆ, ಗಮನಿಸಿ.

ಇದೆಲ್ಲ ದೂರದ ಮಾತಲ್ಲ. ಅಗ್ರಿಗೋಲ್ಡ್ ಮುಳುಗಿದಾಗ ಆಂಧ್ರ, ತೆಲಂಗಾಣ, ಕರ್ನಾಟಕದ ಲಕ್ಷಾಂತರ ಠೇವಣಿದಾರರು ಬೀದಿಗೆ ಬಂದದ್ದನ್ನು ಕಂಡಿದ್ದೇವೆ. ಹಣ ಕಟ್ಟಿಸಿಕೊಳ್ಳುವ ಯಾವುದೇ ಏಜೆಂಟನ ಬ್ಯಾಗು ಬಿಚ್ಚಿಸಿ ನೋಡಿ. ಲ್ಯಾಮಿನೇಷನ್ ಮಾಡಿದ ಒಂದು ಪತ್ರಿಕೆ ತುಣುಕು ಇದ್ದೇ ಇರುತ್ತದೆ. 'ಪೇಪರ್‌ನಾಗೇ ಬಂದೈತೆ ನೋಡಮ್ಮ' ಅನ್ನುತ್ತಾನೆ. ಓದು ಬಾರದ ಹೆಂಗಸು ಆ ಹಾಳೆಯನ್ನು ಮುಟ್ಟಿ ನೋಡಿ, ಸೆರಗಿನ ಗಂಟು ಬಿಚ್ಚುತ್ತಾಳೆ. ಅಚ್ಚಾದ ಅಕ್ಷರಕ್ಕೆ ನಮ್ಮ ಜನ ಕೊಡುವ ಮರ್ಯಾದೆ ಅಷ್ಟು ದೊಡ್ಡದು. ಆ ಮರ್ಯಾದೆಯನ್ನು ಕಟ್ಟಿದವರು ನಿಷ್ಠುರದ ಪತ್ರಕರ್ತರು. 'ವೃತ್ತಪತ್ರಿಕೆ' ಅಂತ ಒಂದು ಇಡೀ ಪುಸ್ತಕ ಬರೆದ ಡಿ. ವಿ. ಗುಂಡಪ್ಪನವರಂಥವರು. ಖರ್ಚು ಮಾಡುತ್ತಿರುವವರು ನಾವು.

ಒಳ್ಳೆಯ ಕಾಗದ ಯಾವುದು

ಹಾಗಾದರೆ ಈ ಬರವಣಿಗೆ ಬೇಡವೇ ಬೇಡವೆ? ಬೇಕು. ಬೇಕು ಅನ್ನುವುದಕ್ಕೆ ಕಾರಣ ಹಿಂದೂಪುರದ ಪೇಟೆಯಲ್ಲೇ ಇದೆ.

ಹಿಂದೂಪುರ ಹುಣಸೆಹಣ್ಣಿಗೆ, ಒಣಮೆಣಸಿನಕಾಯಿಗೆ, ಬೆಲ್ಲಕ್ಕೆ ಹೆಸರಾದ ಊರು. ರೇಷ್ಮೆಗೂಡಿನ ಮಾರುಕಟ್ಟೆಗೆ ಗಡಿಯ ಎರಡೂ ಕಡೆಯಿಂದ ರೈತರು ಬರುತ್ತಾರೆ. ಅಲ್ಲಿನ ಸುದ್ದಿ ನೋಡಿ: ಈ ದಿನ ಇಷ್ಟು ಗೂಡು ಬಂತು, ಹೆಚ್ಚಿನ ಬೆಲೆ ಇಷ್ಟು, ಕಡಿಮೆ ಬೆಲೆ ಇಷ್ಟು, ಸರಾಸರಿ ಇಷ್ಟು. ಮೂರು ಸಾಲು. ವಿಶೇಷಣವೇ ಇಲ್ಲ, ಗಣ್ಯರೂ ಇಲ್ಲ. ಇದಕ್ಕಿಂತ ಒಳ್ಳೆಯ ವ್ಯಾಪಾರದ ಬರವಣಿಗೆಯನ್ನು ನಾನು ಓದಿಲ್ಲ. ಅಮರಾಪುರದ ಒಬ್ಬ ರೈತ ಆ ಮೂರು ಸಾಲು ಓದಿ ನಾಳೆ ಗೂಡು ಬಿಡಿಸಬೇಕೋ ಬೇಡವೋ, ಹಿಂದೂಪುರಕ್ಕೆ ಹೋಗಬೇಕೋ ಬೇರೆ ಕಡೆ ಹೋಗಬೇಕೋ ತೀರ್ಮಾನ ಮಾಡುತ್ತಾನೆ. ಓದಿದ ಮೇಲೆ ಓದುಗನ ಕೈಗೆ ಏನಾದರೂ ಸಿಗಬೇಕು, ಒಳ್ಳೆಯ ಕಾಗದದ ಗುರುತು ಅದು.

ಈಗ ಆ ಗೂಡು ಕೊಂಡು ನೂಲು ಬಿಚ್ಚುವ ಸಣ್ಣ ರೀಲರ್‌ನನ್ನು ನೆನೆಯಿರಿ. ಅವನ ನೂಲು ಧರ್ಮವರದ ಸೀರೆಗೆ ಹೋಗುತ್ತದೆ. ಸೀರೆಗೆ ಹೆಸರಿದೆ, ಅಂಗಡಿಗೆ ಹೆಸರಿದೆ, ಅವನಿಗೆ ಇಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು ಎಳೆ ಹಿಡಿಯುವ ಹೆಂಗಸರಿಗಂತೂ ಇಲ್ಲವೇ ಇಲ್ಲ. ಇಂಥವರಿಗೆ ಒಬ್ಬ ಕಾಗದ ಬರೆಯುವವನು ಸಿಕ್ಕರೆ ಅದು ಉಪಕಾರ. ಹಾಗೇ ಕಲ್ಯಾಣದುರ್ಗದ ಕಡೆ ಶೇಂಗಾ ಎಣ್ಣೆ ಗಾಣ ಹಾಕಿಕೊಂಡವನು, ತುಮಕುಂಟ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವೆಲ್ಡಿಂಗ್ ಶೆಡ್ ಇಟ್ಟವನು. ದೊಡ್ಡ ಕಂಪನಿಗೆ ಬೆಂಗಳೂರಿನಲ್ಲಿ ಬರೆಯುವ ಏಜೆನ್ಸಿ ಇರುತ್ತದೆ. ಇವರಿಗೆ ಯಾರಿದ್ದಾರೆ? ದೊಡ್ಡವರ ದನಿಗೆ ಮೈಕು, ಸಣ್ಣವರ ದನಿಗೆ ಗಾಳಿ. ಈ ಅಸಮತೋಲನವನ್ನು ಸ್ವಲ್ಪವಾದರೂ ತಗ್ಗಿಸಿದರೆ ಈ ಕಸುಬು ಅನ್ನಕ್ಕೆ ಯೋಗ್ಯ.

ಅಂಥ ಕಾಗದ ಹೇಗಿರಬೇಕು ಅಂತ ವ್ಯಾಪಾರಸ್ಥರು ಕೇಳಿದರೆ ನಾನು ಹೇಳುವುದು ಇಷ್ಟು. ನಿಮ್ಮ ಅಂಗಡಿ ತೆರೆದದ್ದು ನಿಮಗೆ ಸುದ್ದಿ, ಊರಿಗೆ ಅಲ್ಲ. ಊರಿಗೆ ಸುದ್ದಿ ಆಗಬೇಕಾದರೆ ಊರಿನ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರ ಇರಬೇಕು. ಗಾಣದವನು 'ಪರಿಶುದ್ಧ ಎಣ್ಣೆ' ಅನ್ನುವ ಬದಲು, ಒಂದು ಮೂಟೆ ಶೇಂಗಾಕ್ಕೆ ಎಷ್ಟು ಎಣ್ಣೆ ಬರುತ್ತದೆ, ಹಿಂಡಿ ಯಾರಿಗೆ ಸೇರುತ್ತದೆ, ಕೂಲಿ ಎಷ್ಟು, ಮಳೆ ಹೋದ ವರ್ಷ ಕಾಯಿ ಎಲ್ಲಿಂದ ತಂದೆ ಅಂತ ಹೇಳಲಿ. ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಕೆಲಸ ಕೊಟ್ಟಿದ್ದರೆ ಎಷ್ಟು ಮಂದಿಗೆ ಅಂತ ಎಣಿಸಿ ಹೇಳಿ. ಏಳು ಮಂದಿ ಅಂದರೆ ಏಳು. ಏಳು ಎಂಬುದು 'ನೂರಾರು' ಎಂಬುದಕ್ಕಿಂತ ದೊಡ್ಡ ಸಂಖ್ಯೆ, ಯಾಕೆಂದರೆ ಏಳು ಮಂದಿಯ ಮನೆಗೆ ಹೋಗಿ ಕೇಳಬಹುದು. ನಿಮ್ಮ ಮಾತನ್ನು ನಿಮ್ಮ ಮಾತಿನಲ್ಲೇ ಇರಲು ಬಿಡಿ. ಹೊಗಳಿಕೆ ಬೇಕೇಬೇಕು ಅಂದರೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇದರಿಂದ ಗಿರಾಕಿ ಹೆಚ್ಚುತ್ತಾರೆಯೆ ಅಂತ ಕೇಳುತ್ತಾರೆ. ಮೊದಲನೇ ದಿನ ಹೊಗಳಿಕೆಯ ಕಾಗದವೇ ಹೆಚ್ಚು ಜನ ತರಬಹುದು. ಆದರೆ ಪೇಟೆ ಎಂಬುದು ಒಂದು ದಿನದ ಜಾತ್ರೆ ಅಲ್ಲ. ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರ ತಲೆಮಾರುಗಳಿಂದ ನಿಂತಿರುವುದು ತಕ್ಕಡಿಯ ಮೇಲೆ, ನಾಲಗೆಯ ಮೇಲೆ ಅಲ್ಲ.

ಮೇಷ್ಟ್ರುಗಳಿಗೆ ಒಂದು ಕೋರಿಕೆ

ಕೊನೆಯ ಮಾತು ನಮ್ಮ ಶಾಲೆಯ ಮೇಷ್ಟ್ರುಗಳಿಗೆ, ವಾಚನಾಲಯದ ಹುಡುಗರಿಗೆ. ವ್ಯಾಕರಣ ಪಾಠದಲ್ಲಿ ಕಾಲಗಳನ್ನು ಹೇಳಿಕೊಡುವಾಗ ರಾಮ ಬಂದನು, ರಾಮ ಬರುತ್ತಾನೆ, ರಾಮ ಬರುವನು ಅಂತ ಹೇಳಿಕೊಡುತ್ತೀರಿ. ಒಂದು ದಿನ ಆ ಬದಲು ಜಿಲ್ಲಾ ಪುಟವನ್ನು ತರಗತಿಗೆ ಒಯ್ಯಿರಿ. ಆದದ್ದರ ಕೆಳಗೆ ಕಪ್ಪು ಗೆರೆ, ಆಗಲಿರುವುದರ ಕೆಳಗೆ ಕೆಂಪು ಗೆರೆ ಎಳೆಯಲು ಮಕ್ಕಳಿಗೆ ಹೇಳಿ. ಆಮೇಲೆ 'ಯಾರು ಹೇಳಿದರು' ಅಂತ ಪ್ರತಿ ವಾಕ್ಯದ ಪಕ್ಕದಲ್ಲಿ ಬರೆಸಿ. 'ಇದರಲ್ಲಿ ಯಾರನ್ನು ಕೇಳಿಲ್ಲ' ಅಂತಲೂ ಬರೆಸಿ. ಅರ್ಧ ಗಂಟೆಯ ಕೆಲಸ. ತೆಲುಗು ಪತ್ರಿಕೆಗೂ ಮಾಡಿಸಿ, ಕನ್ನಡ ಪತ್ರಿಕೆಗೂ ಮಾಡಿಸಿ. ಎರಡು ಭಾಷೆ ಬರುವ ನಮ್ಮ ಗಡಿ ಮಕ್ಕಳಿಗೆ ಒಂದೇ ಕಾಗದ ಎರಡು ಕಡೆ ಹೇಗೆ ಬಂದಿದೆ ಅಂತ ಹೋಲಿಸುವ ಅನುಕೂಲ ಇದೆ. ಬೆಂಗಳೂರಿನ ಮಕ್ಕಳಿಗೆ ಇಲ್ಲದ ಅನುಕೂಲ ಅದು.

ವಾಚನಾಲಯದಲ್ಲಿ ಒಂದು ಹಳೆಯ ಫೈಲು ಖಾಲಿ ಇದೆ. ಅದಕ್ಕೆ 'ಆಗಲಿದೆ' ಅಂತ ಹೆಸರು ಬರೆದು, ನಮ್ಮ ಮಂಡಲಗಳಿಗೆ ಸಂಬಂಧಪಟ್ಟ ಎಲ್ಲಾ 'ಬರಲಿದೆ, ದೊರೆಯಲಿದೆ, ನಿರ್ಮಾಣವಾಗಲಿದೆ' ಸುದ್ದಿಗಳನ್ನು ತಾರೀಕು ಹಾಕಿ ಅದರಲ್ಲಿ ಅಂಟಿಸುತ್ತಾ ಹೋಗೋಣ. ನಾನು ಬರೆದವೂ ಅದರಲ್ಲಿ ಇರಲಿ. ಐದು ವರ್ಷಕ್ಕೊಮ್ಮೆ ಫೈಲು ತೆಗೆದು, ಆದವನ್ನು ಒಂದು ಕಡೆ, ಆಗದವನ್ನು ಇನ್ನೊಂದು ಕಡೆ ಇಡೋಣ. ಆದದ್ದಕ್ಕೆ ಮೆಚ್ಚುಗೆಯ ಪತ್ರ, ಆಗದ್ದಕ್ಕೆ ಒಂದು ಪ್ರಶ್ನೆಯ ಪತ್ರ ಅದೇ ಪತ್ರಿಕೆಗೆ ಬರೆಯೋಣ. ಕಾಗದ ಬರೆಯುವವನಿಗೆ, ತನ್ನ ಕಾಗದವನ್ನು ಯಾರೋ ತಾರೀಕು ಹಾಕಿ ಇಟ್ಟುಕೊಂಡಿದ್ದಾರೆ ಅಂತ ಗೊತ್ತಾದರೆ ಅವನ ಕೈ ತಾನಾಗಿಯೇ ಬಿಗಿಯಾಗುತ್ತದೆ. ಅಂಟು ಮತ್ತು ಕತ್ತರಿ ಕಪಾಟಿನ ಕೆಳಗಿನ ಖಾನೆಯಲ್ಲಿವೆ.